ದುಬೈನಲ್ಲಿ ಬ್ರಿಟಿಷ್ ಶಾಲೆ ಹುಡುಕುವುದು ಹೇಗೆ? ಹದಿನೆಂಟನೇ ವಯಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ದುಬೈನಲ್ಲಿ ಕೆಲಸ ಸಿಕ್ಕಿತು ಅಂದ ಮೇಲೆ ಮನೆಯಲ್ಲಿ ಮೊದಲು ಏಳುವ ಮಾತು ಮಕ್ಕಳ ಶಾಲೆಯದು. ಬೆಂಗಳೂರು, ಮಂಗಳೂರು ಕಡೆಯಿಂದ ಹೊರಟ ಸ್ನೇಹಿತರು ನಮಗೆ ಫೋನ್ ಮಾಡಿ ಕೇಳುವುದೂ ಅದನ್ನೇ: "ಯಾವ ಬ್ರಿಟಿಷ್ ಶಾಲೆ ಒಳ್ಳೇದು?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮಗು ಹದಿನೆಂಟು ತುಂಬಿದಾಗ ಎಲ್ಲಿ ಓದಬೇಕು ಅಂದುಕೊಂಡಿದ್ದೀರಿ? ನೀವು ಇಲ್ಲಿ ಎಷ್ಟು ವರ್ಷ ಇರುತ್ತೀರಿ? ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮಗುವಿಗೆ ಇನ್ನೂ ಐದು ವರ್ಷ, ಈಗಲೇ ಅದನ್ನೆಲ್ಲ ಯಾರು ಯೋಚಿಸುತ್ತಾರೆ ಅಂತ ಅನಿಸುವುದು ಸಹಜ.

ಆದರೆ ಯೋಚಿಸಲೇಬೇಕು. ನಮ್ಮ ಇಬ್ಬರು ಮಕ್ಕಳೂ ಇಲ್ಲೇ ಓದಿದವರು. ದೊಡ್ಡವಳಿಗೆ ಶಾಲೆ ಹುಡುಕುವಾಗ ಕಟ್ಟಡ ನೋಡಿದೆವು, ಈಜುಕೊಳ ನೋಡಿದೆವು. ಹತ್ತು ವರ್ಷದ ನಂತರ ಏನು ಅಂತ ನೋಡಲಿಲ್ಲ. ಚಿಕ್ಕವನ ಹೊತ್ತಿಗೆ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಹದಿನೆಂಟಕ್ಕೆ ಎಲ್ಲಿ?

ಬ್ರಿಟಿಷ್ ಶಾಲೆಯಲ್ಲಿ ಓದು ಮುಗಿಯುವುದು ಎ ಲೆವೆಲ್ ಪರೀಕ್ಷೆಯಿಂದ. ಸಾಮಾನ್ಯವಾಗಿ ಮೂರು ವಿಷಯ, ಕೆಲವರು ನಾಲ್ಕು. ಎರಡು ವರ್ಷ ಆ ಮೂರನ್ನೇ ಆಳವಾಗಿ ಓದುತ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಸಿಂಗಪುರದ ವಿಶ್ವವಿದ್ಯಾಲಯಗಳಿಗೆ ಇದು ಚೆನ್ನಾಗಿ ಗೊತ್ತಿರುವ ಪರೀಕ್ಷೆ. ಮಗು ಆ ಕಡೆ ಹೋಗುವುದಾದರೆ ದಾರಿ ನೇರ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬಿಟ್ಟುಬಿಡಿ. ಬ್ರಿಟಿಷ್ ಪಠ್ಯಕ್ರಮದಲ್ಲಿ ಓದಿದ್ದಕ್ಕೆ ಇಂಗ್ಲೆಂಡಿನಲ್ಲಿ ಫೀ ಕಡಿಮೆ ಆಗುವುದಿಲ್ಲ. ಅಲ್ಲಿನವರ ಫೀ ಯಾರಿಗೆ ಅನ್ನುವುದನ್ನು ವಾಸ ಮತ್ತು ವಲಸೆ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ದುಬೈನಿಂದ ಹೋಗುವ ಭಾರತೀಯ ಮಗು ಅಲ್ಲಿ ವಿದೇಶಿ ವಿದ್ಯಾರ್ಥಿಯೇ.

ಭಾರತಕ್ಕೆ ವಾಪಸ್ ಬರುವುದಾದರೆ ವಿಷಯ ಬೇರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಎ ಲೆವೆಲ್ ಮುಗಿಸಿದವರು ಭಾರತದ ಕಾಲೇಜಿಗೆ ಸೇರುವಾಗ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎ.ಐ.ಯು., ಕೊಡುವ ಸಮಾನತೆ ಪ್ರಮಾಣಪತ್ರ ಕೇಳುತ್ತಾರೆ. ಇದು ಸಿಗುತ್ತದೆ, ಹೆದರಬೇಕಿಲ್ಲ. ತೊಂದರೆ ಇರುವುದು ವಿಷಯಗಳ ಆಯ್ಕೆಯಲ್ಲಿ. ನೀಟ್ ಬರೆಯಬೇಕಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಹದಿನಾರನೇ ವಯಸ್ಸಿನಲ್ಲಿ ಮಗಳು ಭೌತಶಾಸ್ತ್ರ ಬಿಟ್ಟು ಮನಃಶಾಸ್ತ್ರ ತೆಗೆದುಕೊಂಡರೆ ಇಂಗ್ಲೆಂಡಿನ ಕೆಲವು ಮೆಡಿಕಲ್ ಕಾಲೇಜಿಗೆ ನಡೆಯಬಹುದು, ನೀಟ್‌ಗೆ ನಡೆಯುವುದಿಲ್ಲ. ಎನ್.ಐ.ಟಿ.ಗಳ ಪ್ರವೇಶದಲ್ಲಿ 12ನೇ ತರಗತಿಯ ಐದು ವಿಷಯಗಳ ಅಂಕ ಲೆಕ್ಕಕ್ಕೆ ಬರುತ್ತದೆ. ಎ ಲೆವೆಲ್‌ನಲ್ಲಿ ಇರುವುದೇ ಮೂರು. ಇನ್ನು ಜೆ.ಇ.ಇ. ಪ್ರಶ್ನೆಗಳ ಓಟವೇ ಬೇರೆ. ಎ ಲೆವೆಲ್ ಗಣಿತ ಕಡಿಮೆಯದಲ್ಲ, ಆದರೆ ಜೆ.ಇ.ಇ.ಗೆ ಪ್ರತ್ಯೇಕ ತಯಾರಿ ಇಲ್ಲದೆ ಆಗುವುದಿಲ್ಲ.

ಫಲಿತಾಂಶದ ದಿನಾಂಕವನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಸಿ.ಬಿ.ಎಸ್.ಇ. ಫಲಿತಾಂಶ ಮೇ ತಿಂಗಳಲ್ಲೇ ಬರುತ್ತದೆ. ಎ ಲೆವೆಲ್ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಹಲವು ಕಾಲೇಜುಗಳ ಕೌನ್ಸೆಲಿಂಗ್ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಭಾರತದೊಳಗಿನ ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿಯ ಶಾಲೆಗಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಅವಕಾಶ ಇದೆ. ದುಬೈ ಶಾಲೆಗಳಿಗೆ ಆ ಅನುಕೂಲ ಇಲ್ಲ.

ಕೆ.ಸಿ.ಇ.ಟಿ. ಸೀಟಿನ ಆಸೆ ಇದ್ದರೆ ಇನ್ನೊಂದು ಮಾತು. ಅದರ ಮುಖ್ಯ ನಿಯಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಅನ್ನುತ್ತದೆ. ಹೊರಗೆ ಇದ್ದವರ ಮಕ್ಕಳಿಗೆ ಬೇರೆ ಬೇರೆ ಕಲಮುಗಳಿವೆ, ಅವುಗಳಿಗೂ ಅವುಗಳದೇ ಷರತ್ತು. ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಈಗಲೇ ಒಮ್ಮೆ ಓದಿ. ಹನ್ನೆರಡನೇ ತರಗತಿಯಲ್ಲಿ ಓದಿದರೆ ತಡವಾಗಿರುತ್ತದೆ. ವಿದೇಶದಲ್ಲಿ ಓದಿದವರಿಗೆ ಎನ್.ಐ.ಟಿ.ಯಂಥ ಕಾಲೇಜುಗಳಲ್ಲಿ ಸೀಟು ಕೊಡುವ ಡಾಸಾ ಯೋಜನೆಯಲ್ಲಿ ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳಿಗೆ ಸಿ.ಐ.ಡಬ್ಲ್ಯು.ಜಿ. ಅನ್ನುವ ವಿಭಾಗ ಇದೆ, ಅದರಲ್ಲಿ ಫೀ ಕಡಿಮೆ. ಅದಕ್ಕೂ ಜೆ.ಇ.ಇ. ಮೇನ್ ಬೇಕು.

ಹಾಗಾದರೆ ಏನು ಮಾಡಬೇಕು? ವಾಪಸ್ ಹೋಗುವುದು ಖಚಿತ, ಮಗು ಪ್ರವೇಶ ಪರೀಕ್ಷೆ ಬರೆದೇ ಎಂಜಿನಿಯರಿಂಗ್ ಅಥವಾ ಮೆಡಿಕಲ್ ಸೇರಬೇಕು ಅನ್ನುವುದಾದರೆ, ದುಬೈನಲ್ಲಿರುವ ಒಳ್ಳೆಯ ಭಾರತೀಯ ಶಾಲೆಯೇ ಸರಿ ಅಂತ ನಾನು ಹೇಳುತ್ತೇನೆ. ಫೀ ಕೂಡ ತುಂಬಾ ಕಡಿಮೆ. ಪಕ್ಕದ ಮನೆಯವರು ಬ್ರಿಟಿಷ್ ಶಾಲೆಗೆ ಕಳಿಸುತ್ತಾರೆ ಅನ್ನುವುದು ಕಾರಣವಾಗಬಾರದು. ಮುಂದಿನ ದಾರಿ ಇನ್ನೂ ತೆರೆದಿದೆ, ಅಥವಾ ಮುಂದೆ ಮತ್ತೊಂದು ದೇಶಕ್ಕೆ ವರ್ಗವಾಗುವ ಕೆಲಸ ಅಂದರೆ ಬ್ರಿಟಿಷ್ ಶಾಲೆಗೆ ನಿಜವಾದ ಅರ್ಥ ಇದೆ. ದೋಹಾ, ಸಿಂಗಪುರ, ಲಂಡನ್ ಎಲ್ಲಿಗೆ ಹೋದರೂ ಅದೇ ಪಠ್ಯಕ್ರಮ ಸಿಗುತ್ತದೆ.

ಹಂತ 2: ಹೊರಬೀಳುವ ಬಾಗಿಲು ಎಲ್ಲಿದೆ ನೋಡಿ

ಗಲ್ಫ್ ಕೆಲಸ ಯಾವಾಗ ಬೇಕಾದರೂ ಮುಗಿಯಬಹುದು. ಅದನ್ನು ಇಲ್ಲಿರುವ ಎಲ್ಲರೂ ಬಲ್ಲರು. ಆದ್ದರಿಂದ ಶಾಲೆಗೆ ಸೇರಿಸುವಾಗಲೇ, ಬಿಡಿಸಬೇಕಾದರೆ ಯಾವ ವರ್ಷ ಸುಲಭ ಅಂತ ತಿಳಿದಿರಬೇಕು.

ಪ್ರೈಮರಿಯಲ್ಲಿ ಯಾವಾಗ ಬದಲಾಯಿಸಿದರೂ ಮಗು ಒಂದು ಟರ್ಮ್‌ನಲ್ಲಿ ಹೊಂದಿಕೊಳ್ಳುತ್ತದೆ. ಇಯರ್ 9ರ (ನಮ್ಮ 8ನೇ ತರಗತಿ) ತನಕವೂ ಪರವಾಗಿಲ್ಲ. ಇಯರ್ 10 ಮತ್ತು 11 ಸೇರಿ ಒಂದೇ ಕೋರ್ಸ್. ಅದರ ಕೊನೆಯಲ್ಲಿ ಜಿ.ಸಿ.ಎಸ್.ಇ. ಅಥವಾ ಐ.ಜಿ.ಸಿ.ಎಸ್.ಇ. ಪರೀಕ್ಷೆ, ನಮ್ಮ ಎಸ್.ಎಸ್.ಎಲ್.ಸಿ. ಇದ್ದ ಹಾಗೆ. ನಡುವೆ ಎದ್ದು ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಆ ಕಡೆ ಸಿ.ಬಿ.ಎಸ್.ಇ. ಕೂಡ ಮಕ್ಕಳನ್ನು 9ನೇ ತರಗತಿಯಲ್ಲೇ ನೋಂದಣಿ ಮಾಡಿಕೊಳ್ಳುತ್ತದೆ. ನೇರವಾಗಿ 10ನೇ ತರಗತಿಗೆ ಸೇರುವುದು ತುಂಬಾ ಕಷ್ಟ. ಇಯರ್ 10 ಅಂದರೆ ನಮ್ಮ 9ನೇ ತರಗತಿ. ಹಾಗಾಗಿ ಭಾರತಕ್ಕೆ ಮರಳುವ ಯೋಚನೆ ಇದ್ದರೆ ಇಯರ್ 9 ಮುಗಿದ ಕೂಡಲೇ ಹೊರಡಿ, ಇಲ್ಲವಾದರೆ ಇಯರ್ 11 ಮುಗಿಸಿ ಹೊರಡಿ. ಇಯರ್ 11 ಮುಗಿಸಿ ಬಂದರೂ ಫಲಿತಾಂಶ ಆಗಸ್ಟ್‌ಗೆ. ನಮ್ಮ ಪಿ.ಯು. ತರಗತಿಗಳು ಅದಕ್ಕೆ ಮೊದಲೇ ಶುರುವಾಗಿರುತ್ತವೆ. ಸೇರಬೇಕಾದ ಕಾಲೇಜಿನ ಜೊತೆ ಮೊದಲೇ ಮಾತಾಡಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಹಂತ 3: ಇಯರ್ ಮತ್ತು ಕ್ಲಾಸ್ ಲೆಕ್ಕ

ನಮ್ಮ ತರಗತಿಗೆ ಒಂದು ಸೇರಿಸಿದರೆ ಬ್ರಿಟಿಷ್ ಇಯರ್. ಒಂದನೇ ತರಗತಿ ಅಂದರೆ ಇಯರ್ 2. ಹತ್ತನೇ ತರಗತಿ ಅಂದರೆ ಇಯರ್ 11. ಇಯರ್ 1ಕ್ಕೆ ಮೊದಲಿನ ಶಿಶು ತರಗತಿಗಳನ್ನು ಎಫ್.ಎಸ್. (ಫೌಂಡೇಶನ್ ಸ್ಟೇಜ್) ಅನ್ನುತ್ತಾರೆ. ಮೂರು ವರ್ಷದ ಮಗು ಎಫ್.ಎಸ್. 1ಕ್ಕೆ, ನಾಲ್ಕರದು ಎಫ್.ಎಸ್. 2ಕ್ಕೆ, ಐದರದು ಇಯರ್ 1ಕ್ಕೆ. ವಯಸ್ಸು ಲೆಕ್ಕ ಹಾಕುವ ಕಟ್-ಆಫ್ ದಿನಾಂಕ ಬಹಳ ವರ್ಷ ಆಗಸ್ಟ್ 31 ಆಗಿತ್ತು. ಈ ನಿಯಮ ಬದಲಾಗುವಂಥದ್ದು. ನೀವು ಸೇರಿಸುವ ವರ್ಷಕ್ಕೆ ಯಾವ ದಿನಾಂಕ ಅಂತ ಶಾಲೆಯನ್ನೇ ಕೇಳಿ, ಹಳೆಯ ಮಾಹಿತಿ ನಂಬಬೇಡಿ.

ಮಾರ್ಚ್‌ನಲ್ಲಿ ಯು.ಕೆ.ಜಿ. ಮುಗಿಸಿದ ಮಗುವನ್ನು ಸೆಪ್ಟೆಂಬರ್‌ನಲ್ಲಿ ಇಯರ್ 2ಕ್ಕೆ ಕೂರಿಸಿದರೆ, "ಒಂದು ಕ್ಲಾಸ್ ಹಾರಿಸಿಬಿಟ್ಟರು" ಅಂತ ತಂದೆತಾಯಿ ಗಾಬರಿಯಾಗುತ್ತಾರೆ. ಹಾರಿಸಿಲ್ಲ, ವಯಸ್ಸಿಗೆ ಸರಿಯಾಗಿಯೇ ಕೂರಿಸಿದ್ದಾರೆ. ಇಂಗ್ಲಿಷ್ ಓದುವ ಕ್ರಮ ಮಾತ್ರ ಬೇರೆ ಇರುತ್ತದೆ. ಅಲ್ಲಿ ಫೋನಿಕ್ಸ್ ಮೂಲಕ, ಅಕ್ಷರದ ಹೆಸರಿಗಿಂತ ಅದರ ಧ್ವನಿಯಿಂದ ಓದಿಸುತ್ತಾರೆ. ಹೊರಡುವ ಮೊದಲಿನ ಮೂರು ತಿಂಗಳು ಮನೆಯಲ್ಲಿ ಇದನ್ನು ಸ್ವಲ್ಪ ಅಭ್ಯಾಸ ಮಾಡಿಸಿದರೆ ಮಗುವಿಗೆ ಧೈರ್ಯ ಬರುತ್ತದೆ.

ಎಫ್.ಎಸ್. ತರಗತಿಗಳಲ್ಲಿ ಮಕ್ಕಳು ಮರಳಲ್ಲಿ, ನೀರಲ್ಲಿ ಆಡುತ್ತಿರುವುದನ್ನು ನೋಡಿ ನಮ್ಮವರಿಗೆ ಸಮಾಧಾನ ಇರುವುದಿಲ್ಲ. ಊರಲ್ಲಿ ಅಣ್ಣನ ಮಗಳು ಕರ್ಸಿವ್ ಬರೆಯುತ್ತಾಳೆ, ನಮ್ಮವನು ಮಣ್ಣಲ್ಲಿ ಆಡುತ್ತಾನೆ ಅಲ್ವಾ ಅಂತ ಅನಿಸುತ್ತದೆ. ದಯವಿಟ್ಟು ಹೋಲಿಸಬೇಡಿ. ಆ ಆಟದ ಹಿಂದೆ ಏಳು ಕಲಿಕಾ ಕ್ಷೇತ್ರಗಳ ಯೋಜನೆ ಇದೆ. ಟೀಚರ್ ಪ್ರತಿ ಮಗುವನ್ನೂ ಗಮನಿಸಿ ಬರೆದಿಡುತ್ತಾರೆ. ಆ ಬರಹ ತೋರಿಸಿ ಅಂತ ಕೇಳಿ. ತೋರಿಸಲು ಏನೂ ಇಲ್ಲದಿದ್ದರೆ ಆಗ ಚಿಂತೆ ಮಾಡಿ.

ಹಂತ 4: ಬೋರ್ಡಿನ ಮೇಲಿನ "ಬ್ರಿಟಿಷ್" ಎಷ್ಟು ನಿಜ?

ಹೆಸರಿನಲ್ಲಿ ಬ್ರಿಟಿಷ್ ಇದ್ದ ಮಾತ್ರಕ್ಕೆ ಸಾಲದು. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2010ರಿಂದ ಹೊರದೇಶದ ಬ್ರಿಟಿಷ್ ಶಾಲೆಗಳಿಗೆ ಒಂದು ಪರಿಶೀಲನೆ ನಡೆಸುತ್ತಿದೆ. ಇದನ್ನು ಬಿ.ಎಸ್.ಒ. ಅನ್ನುತ್ತಾರೆ. ಇದು ಕಡ್ಡಾಯವಲ್ಲ, ಶಾಲೆ ತಾನಾಗಿ ಮುಂದೆ ಬಂದು ಮಾಡಿಸಿಕೊಳ್ಳಬೇಕು. ಪಾಸಾದ ಶಾಲೆಗಳ ಪಟ್ಟಿ ಆ ಇಲಾಖೆಯ ವೆಬ್‌ಸೈಟ್‌ನಲ್ಲೇ ಇದೆ, ವರದಿಯನ್ನೂ ಓದಬಹುದು. ಕೋಬಿಸ್, ಬಿ.ಎಸ್.ಎಂ.ಇ. ಅನ್ನುವ ಬ್ರಿಟಿಷ್ ಶಾಲೆಗಳ ಸಂಘಗಳ ಸದಸ್ಯತ್ವವೂ ಒಳ್ಳೆಯ ಗುರುತೇ, ಆದರೆ ನಾನು ಮೊದಲು ನೋಡುವುದು ಬಿ.ಎಸ್.ಒ.

ಪರೀಕ್ಷಾ ಮಂಡಳಿ ಯಾವುದು ಅಂತ ಕೇಳಿ. ಕೇಂಬ್ರಿಡ್ಜ್, ಪಿಯರ್ಸನ್ ಎಡೆಕ್ಸೆಲ್, ಆಕ್ಸ್‌ಫರ್ಡ್ ಎ.ಕ್ಯೂ.ಎ. ಮೂರೂ ಇಲ್ಲಿ ನಡೆಯುತ್ತವೆ. ಒಂದೇ ಶಾಲೆಯಲ್ಲಿ ಗಣಿತಕ್ಕೆ ಒಂದು ಮಂಡಳಿ, ಇಂಗ್ಲಿಷ್‌ಗೆ ಇನ್ನೊಂದು ಇರುವುದೂ ಉಂಟು. ಅದರಲ್ಲಿ ತಪ್ಪೇನಿಲ್ಲ. ಅಂಕಪಟ್ಟಿಯಲ್ಲಿ ಕೆಲವು ಕಡೆ 9ರಿಂದ 1, ಕೆಲವು ಕಡೆ ಎ-ಸ್ಟಾರ್‌ನಿಂದ ಜಿ ಅಂತ ಬರುತ್ತದೆ. 7 ಅಂದರೆ ಹಳೆಯ ಎ, 4 ಅಂದರೆ ಹಳೆಯ ಸಿ ಅಂತ ನೆನಪಿಟ್ಟುಕೊಂಡರೆ ಸಾಕು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಶಾಲೆಯಲ್ಲಿ ಸಿಕ್ಸ್ತ್ ಫಾರ್ಮ್ ಇದೆಯಾ? ಅಂದರೆ ಇಯರ್ 12, 13. ಕೆಲವು ಶಾಲೆ ಪ್ರೈಮರಿಗೇ ನಿಲ್ಲುತ್ತವೆ. ಹೊಸ ಶಾಲೆಗಳು ವರ್ಷಕ್ಕೊಂದು ತರಗತಿ ಸೇರಿಸುತ್ತಾ ಹೋಗುತ್ತವೆ, ಅವುಗಳಿಗೆ ಇನ್ನೂ ಫಲಿತಾಂಶವೇ ಇರುವುದಿಲ್ಲ. ಸಿಕ್ಸ್ತ್ ಫಾರ್ಮ್ ಇದ್ದರೂ ಅದರಲ್ಲಿ ಮೂವತ್ತೇ ಮಕ್ಕಳಿದ್ದರೆ ಫರ್ದರ್ ಮ್ಯಾಥ್ಸ್‌ನಂಥ (ಮುಂದುವರಿದ ಗಣಿತ) ವಿಷಯ ಸಿಗುವುದು ಕಷ್ಟ. ಇಯರ್ 11ರಿಂದ 12ಕ್ಕೆ ಹೋಗಲು ಎಷ್ಟು ಗ್ರೇಡ್ ಬೇಕು ಅನ್ನುವುದನ್ನೂ ಕೇಳಿ. ಹಲವು ಶಾಲೆಗಳು ಆ ವಿಷಯದಲ್ಲಿ 6 ಅಥವಾ 7 ಇಲ್ಲದಿದ್ದರೆ ಎ ಲೆವೆಲ್‌ಗೆ ಕೂರಿಸುವುದಿಲ್ಲ.

ಇನ್ನೊಂದು, ಇಯರ್ 9ರಲ್ಲಿ ಬರುವ ವಿಷಯಗಳ ಆಯ್ಕೆ. ವಿಜ್ಞಾನವನ್ನು ಎರಡು ರೀತಿ ಕಲಿಸುತ್ತಾರೆ. ಮೂರು ಪ್ರತ್ಯೇಕ ವಿಜ್ಞಾನ ಒಂದು, ಮೂರನ್ನೂ ಸೇರಿಸಿ ಎರಡು ಗ್ರೇಡ್ ಕೊಡುವ ಡಬಲ್ ಅವಾರ್ಡ್ ಇನ್ನೊಂದು. ಮಗುವಿಗೆ ಎಂಜಿನಿಯರಿಂಗ್, ಮೆಡಿಕಲ್ ಆಸೆ ಸ್ವಲ್ಪವಾದರೂ ಇದ್ದರೆ ಪ್ರತ್ಯೇಕ ವಿಜ್ಞಾನವೇ ಇರಲಿ. ನಮ್ಮ ಮಗಳ ವಿಷಯದಲ್ಲಿ ಇದು ಗೊತ್ತಾಗಲಿಲ್ಲ. ಶಾಲೆಯೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎ ಲೆವೆಲ್ ಮೊದಲ ವರ್ಷ ರಸಾಯನಶಾಸ್ತ್ರದಲ್ಲಿ ಅವಳು ತುಂಬಾ ಕಷ್ಟಪಟ್ಟಳು. ಪ್ರತಿ ಶನಿವಾರ ಅವಳ ಪಕ್ಕ ಕೂತು, ಅವಳು ಬಿಟ್ಟುಹೋದ ಪಾಠಗಳನ್ನು ಹಿಡಿಯುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಂತ 5: ಕೆ.ಎಚ್.ಡಿ.ಎ. ವರದಿ ಓದುವುದು

ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆ.ಎಚ್.ಡಿ.ಎ. ಅನ್ನುವ ಸರ್ಕಾರಿ ಪ್ರಾಧಿಕಾರ. ಇದರ ಪರಿಶೀಲನಾ ವರದಿಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅತ್ಯುತ್ತಮ, ತುಂಬಾ ಒಳ್ಳೆಯದು, ಒಳ್ಳೆಯದು, ಪರವಾಗಿಲ್ಲ, ದುರ್ಬಲ, ತುಂಬಾ ದುರ್ಬಲ ಅಂತ ಆರು ದರ್ಜೆ. ಎಲ್ಲರೂ ಮುಖಪುಟದ ದರ್ಜೆ ನೋಡಿ ಮುಚ್ಚಿಬಿಡುತ್ತಾರೆ. ಒಳಗಿರುವುದೇ ನಿಜವಾದ ಮಾಹಿತಿ.

ಮೊದಲು ವರದಿಯ ವರ್ಷ ನೋಡಿ. 2024-25ರಲ್ಲಿ ಹಳೆಯ ಶಾಲೆಗಳ ಪೂರ್ಣ ಪರಿಶೀಲನೆ ನಡೆಯಲಿಲ್ಲ. ಹಾಗಾಗಿ ಶಾಲೆ ಬ್ಯಾನರ್ ಮೇಲೆ ಹಾಕಿರುವ ದರ್ಜೆ 2023-24ರದ್ದೋ, ಅದಕ್ಕೂ ಹಿಂದಿನದೋ ಆಗಿರಬಹುದು. ಆಮೇಲೆ ಪ್ರಿನ್ಸಿಪಾಲ್ ಬದಲಾಗಿದ್ದಾರಾ ಅಂತ ವಿಚಾರಿಸಿ. ಬದಲಾಗಿದ್ದರೆ ಆ ವರದಿಯನ್ನು ಅರ್ಧ ಮಾತ್ರ ನಂಬಿ.

ಎರಡನೆಯದು, ಆರಂಭದ ಪುಟಗಳಲ್ಲಿ ಶಿಕ್ಷಕರ ಸಂಖ್ಯೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಒಂದು ವರ್ಷದಲ್ಲಿ ಶೇಕಡ ಎಷ್ಟು ಶಿಕ್ಷಕರು ಬಿಟ್ಟು ಹೋದರು ಅನ್ನುವ ಅಂಕಿಗಳು ಇರುತ್ತವೆ. ನಾನು ಈ ಕೊನೆಯ ಅಂಕಿಗೆ ತುಂಬಾ ಬೆಲೆ ಕೊಡುತ್ತೇನೆ. ದುಬೈಗೆ ಬರುವ ಇಂಗ್ಲೆಂಡಿನ ಟೀಚರ್‌ಗಳಲ್ಲಿ ಹಲವರು ಎರಡು ವರ್ಷದ ಕರಾರಿನ ಮೇಲೆ ಬರುತ್ತಾರೆ, ಆಮೇಲೆ ಹೊರಡುವವರೂ ಇದ್ದಾರೆ. ಸ್ವಲ್ಪ ಬದಲಾವಣೆ ಎಲ್ಲ ಶಾಲೆಯಲ್ಲೂ ಸಹಜ. ಮೂವರಲ್ಲಿ ಒಬ್ಬರು ಬಿಟ್ಟು ಹೋಗುವ ಶಾಲೆಯಲ್ಲಿ ನಿಮ್ಮ ಮಗುವನ್ನು ಪೂರ್ತಿ ಅರಿತ ಟೀಚರ್ ಉಳಿಯುವುದೇ ಇಲ್ಲ.

ಮೂರನೆಯದು, ಹಂತವಾರು ಪಟ್ಟಿ. ಎಫ್.ಎಸ್., ಪ್ರೈಮರಿ, ಸೆಕೆಂಡರಿ, 16ರ ನಂತರ ಅಂತ ಪ್ರತಿ ವಿಷಯಕ್ಕೂ ಬೇರೆ ಬೇರೆ ದರ್ಜೆ ಕೊಟ್ಟಿರುತ್ತಾರೆ. ಪ್ರೈಮರಿಯಲ್ಲಿ ಮಿಂಚುವ ಶಾಲೆ ಸೆಕೆಂಡರಿ ವಿಜ್ಞಾನದಲ್ಲಿ ಸುಮಾರಾಗಿರಬಹುದು. ಅಲ್ಲೇ ಸಾಧನೆ ಮತ್ತು ಪ್ರಗತಿ ಅನ್ನುವ ಎರಡು ಸಾಲು ಇರುತ್ತದೆ. ಸಾಧನೆ ಅಂದರೆ ಮಕ್ಕಳು ಎಷ್ಟು ಬಲ್ಲರು. ಪ್ರಗತಿ ಅಂದರೆ ಶಾಲೆ ಅವರನ್ನು ಎಲ್ಲಿಂದ ಎಲ್ಲಿಗೆ ತಂದಿದೆ. ಪ್ರವೇಶ ಪರೀಕ್ಷೆಯಲ್ಲೇ ಸೋಸಿ ತೆಗೆದುಕೊಳ್ಳುವ ಶಾಲೆಯಲ್ಲಿ ಸಾಧನೆ ಹೇಗೂ ಚೆನ್ನಾಗಿರುತ್ತದೆ. ಸಾಧಾರಣ ಮಕ್ಕಳನ್ನು ಮೇಲಕ್ಕೆ ತಂದ ಶಾಲೆ ಪ್ರಗತಿಯ ಸಾಲಿನಲ್ಲಿ ಕಾಣುತ್ತದೆ. ನನ್ನ ಕೇಳಿದರೆ ಅದೇ ಒಳ್ಳೆಯ ಶಾಲೆ.

ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಎಸ್.ಪಿ.ಇ.ಎ. ಇದೇ ಕೆಲಸ ಮಾಡುತ್ತವೆ. ವರದಿಯ ಹೆಸರು ಅಬುಧಾಬಿಯಲ್ಲಿ ಇರ್ತಿಕಾ, ಶಾರ್ಜಾದಲ್ಲಿ ಇತ್ಕಾನ್. ಓದುವ ರೀತಿ ಒಂದೇ.

ಹಂತ 6: ದುಡ್ಡು

ದುಬೈನ ಬ್ರಿಟಿಷ್ ಶಾಲೆಗಳ ಫೀ ವರ್ಷಕ್ಕೆ 20,000 ದಿರ್ಹಮ್‌ಗಿಂತ ಕಡಿಮೆಯಿಂದ ಹಿಡಿದು ಒಂದು ಲಕ್ಷ ದಿರ್ಹಮ್ ದಾಟುವ ತನಕ ಇದೆ. ಪ್ರತಿ ಶಾಲೆಯ ಒಪ್ಪಿಗೆ ಪಡೆದ ಫೀ ಪಟ್ಟಿ ಕೆ.ಎಚ್.ಡಿ.ಎ. ವೆಬ್‌ಸೈಟ್‌ನಲ್ಲಿದೆ. ಅದನ್ನು ತೆರೆದು ಮಗುವಿನ ಈಗಿನ ತರಗತಿಯ ಫೀ ನೋಡುವ ಬದಲು ಇಯರ್ 11ರ ಫೀ ನೋಡಿ. ಎಫ್.ಎಸ್.ನಲ್ಲಿ 35,000 ಇದ್ದದ್ದು ಸೆಕೆಂಡರಿಗೆ ಬರುವಾಗ 60,000 ಆಗಿರಬಹುದು. ಅದರ ಮೇಲೆ ವರ್ಷ ವರ್ಷದ ಏರಿಕೆ. ಶಿಕ್ಷಣ ವೆಚ್ಚದ ಸೂಚ್ಯಂಕ ಲೆಕ್ಕ ಹಾಕಿ ಸರ್ಕಾರ ಮಿತಿ ಹೇಳುತ್ತದೆ. ಆ ಸೂಚ್ಯಂಕ 2024-25ಕ್ಕೆ ಶೇಕಡ 2.6, 2025-26ಕ್ಕೆ ಶೇಕಡ 2.35 ಇತ್ತು. ಕೇಳಲು ಚಿಕ್ಕದು, ಹತ್ತು ವರ್ಷಕ್ಕೆ ಸೇರಿಸಿ ನೋಡಿದರೆ ಚಿಕ್ಕದಲ್ಲ.

ಉದಾಹರಣೆಗೆ ಇಬ್ಬರು ಮಕ್ಕಳು, ತಲಾ 45,000 ಅಂದುಕೊಳ್ಳಿ. 90,000 ದಿರ್ಹಮ್ ಆಯಿತು. ಇದಕ್ಕೆ ಬಸ್, ಯೂನಿಫಾರ್ಮ್, ಲ್ಯಾಪ್‌ಟಾಪ್, ಪ್ರವಾಸ, ಶಾಲೆಯ ನಂತರದ ಆಟಪಾಠ ಸೇರಿಸಿ. ಇಯರ್ 11 ಮತ್ತು 13ರಲ್ಲಿ ಪರೀಕ್ಷಾ ಶುಲ್ಕ ಬೇರೆ ಕಟ್ಟಬೇಕು. ಒಟ್ಟು ಒಂದು ಲಕ್ಷ ದಾಟಿಬಿಡುತ್ತದೆ. ಫೀ ಕಟ್ಟುವುದು ಟರ್ಮ್ ಲೆಕ್ಕದಲ್ಲಿ, ಮೂರು ಕಂತು. ಮುಂದಿನ ದಿನಾಂಕದ ಚೆಕ್ ಕೇಳುವ ಶಾಲೆಗಳೂ ಇವೆ. ಆ ದಿನ ಖಾತೆಯಲ್ಲಿ ಹಣ ಇರಲೇಬೇಕು.

ಕಂಪನಿ ಶಿಕ್ಷಣ ಭತ್ಯೆ ಕೊಡುತ್ತದೆ ಅಂದರೆ ಆಫರ್‌ಗೆ ಸಹಿ ಹಾಕುವ ಮೊದಲೇ ಕೆಲವು ಮಾತು ಬರಹದಲ್ಲಿ ಪಡೆಯಿರಿ. ಒಂದು ಮಗುವಿಗೆ ಎಷ್ಟು? ಎಷ್ಟು ಮಕ್ಕಳಿಗೆ? ಎಫ್.ಎಸ್.ಗೂ ಕೊಡುತ್ತಾರಾ ಅಥವಾ ಐದು ವರ್ಷದ ಮೇಲೆಯಾ? ಬಸ್ ಸೇರಿದೆಯಾ? ವರ್ಷದ ಮಧ್ಯೆ ಕೆಲಸ ಬಿಟ್ಟರೆ ಕೊಟ್ಟ ಹಣ ವಾಪಸ್ ಕೇಳುತ್ತಾರಾ? ಭತ್ಯೆ ಇಲ್ಲದಿದ್ದರೆ ನಾನು ಹೇಳುವ ಅಳತೆ ಒಂದೇ: ಆರು ತಿಂಗಳು ಸಂಬಳ ಬರದಿದ್ದರೂ ಕಟ್ಟಬಲ್ಲ ಫೀ ಇರುವ ಶಾಲೆ ನೋಡಿ. ಫೀ ಬಾಕಿ ಉಳಿದರೆ ಟಿ.ಸಿ. ಸಿಗುವುದು ತಡವಾಗುತ್ತದೆ. ಕೆಲಸ ಹೋದ ಹೊತ್ತಿನಲ್ಲಿ ಆ ಚಿಂತೆಯೂ ಜೊತೆಗೆ ಬೇಡ.

ಹೊಸದಾಗಿ ಸೇರುವ ಮಗುವಿಗೆ ಸೀಟು ಹಿಡಿಯಲು ವರ್ಷದ ಫೀಯ ಶೇಕಡ 10ರ ತನಕ ಮುಂಗಡ ಕೇಳಬಹುದು. ಅದನ್ನು ಮುಂದೆ ಫೀಯಲ್ಲಿ ಕಳೆಯುತ್ತಾರೆ. ಕೆಲವು ದುಬಾರಿ ಶಾಲೆಗಳಲ್ಲಿ ಡಿಬೆಂಚರ್ ಅನ್ನುವ ದೊಡ್ಡ ಠೇವಣಿಯೂ ಇದೆ. ಎಷ್ಟು ವಾಪಸ್ ಬರುತ್ತದೆ, ಯಾವಾಗ ಅಂತ ಕಾಗದದಲ್ಲಿ ನೋಡಿ.

ಹಂತ 7: ಬಸ್ಸಿನ ಹೊತ್ತು

ನಾವು ಮೊದಲು ಮನೆ ಮಾಡಿದ್ದು ಶಾರ್ಜಾದಲ್ಲಿ. ಬಾಡಿಗೆ ಕಡಿಮೆ. ಶಾಲೆ ಸಿಕ್ಕಿದ್ದು ದುಬೈನ ಆ ತುದಿಯಲ್ಲಿ. ಬೆಳಿಗ್ಗೆ ಕತ್ತಲಿರುವಾಗಲೇ ಬಸ್. ಸಂಜೆ ಮನೆಗೆ ಬರುವಾಗ ಮಗಳು ನಿದ್ದೆಯಲ್ಲಿ ತೂಗುತ್ತಿದ್ದಳು, ಶೂ ಬಿಚ್ಚುವ ಮೊದಲೇ ಸೋಫಾದಲ್ಲಿ ಮಲಗುತ್ತಿದ್ದಳು. ಆಗ ಅವಳಿಗೆ ಆರು ವರ್ಷ. ಊಟಕ್ಕೆ ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಒಂದು ವರ್ಷ ಹಾಗೇ ತಳ್ಳಿ, ಆಮೇಲೆ ಅಲ್ ನಹ್ದಾಗೆ ಮನೆ ಬದಲಾಯಿಸಿ, ಹತ್ತಿರದ ಶಾಲೆಗೆ ಸೇರಿಸಿದೆವು. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಮಗುವಿನ ಮೈಮೇಲೆ ಬಿದ್ದಿತ್ತು.

ಹಾಗಾಗಿ ಶಾಲೆ ಮೊದಲು, ಮನೆ ಆಮೇಲೆ. ಚಿಕ್ಕ ಮಕ್ಕಳಿಗೆ ಬಸ್‌ನಲ್ಲಿ 40 ನಿಮಿಷಕ್ಕಿಂತ ಜಾಸ್ತಿ ಬೇಡ ಅನ್ನುವುದು ನಮ್ಮ ಮನೆಯ ನಿಯಮ. ಮ್ಯಾಪ್‌ನಲ್ಲಿ ಶನಿವಾರ ಮಧ್ಯಾಹ್ನ ನೋಡಬೇಡಿ, ಸೋಮವಾರ ಬೆಳಿಗ್ಗೆ 7 ಗಂಟೆಗೆ ನೋಡಿ. ಬಸ್ ನಿಮ್ಮ ಕಟ್ಟಡಕ್ಕೆ ಎಷ್ಟನೇ ಸ್ಟಾಪ್ ಅನ್ನುವುದನ್ನೂ ಕೇಳಿ. ಬೆಳಿಗ್ಗೆ ಮೊದಲ ಸ್ಟಾಪ್ ಆಗಿದ್ದರೆ ಮಗು ಊರೆಲ್ಲ ಸುತ್ತುತ್ತದೆ.

ಹಂತ 8: ಶಾಲೆಗೆ ಹೋಗಿ ನೋಡುವ ದಿನ

ಓಪನ್ ಡೇ ದಿನ ಹೋಗುವುದಕ್ಕಿಂತ ಮಾಮೂಲಿ ದಿನ ಸಮಯ ಕೇಳಿ ಹೋಗಿ. ಸಾಧ್ಯವಾದರೆ ಊಟದ ಬಿಡುವಿನಲ್ಲಿ. ಮಕ್ಕಳು ಪರಸ್ಪರ ಹೇಗಿದ್ದಾರೆ, ಒಂಟಿಯಾಗಿ ಕೂತ ಮಗುವನ್ನು ಯಾರಾದರೂ ಗಮನಿಸುತ್ತಾರಾ ಅಂತ ನೋಡಿ. ತರಗತಿಯ ಗೋಡೆ ಮೇಲೆ ಮಕ್ಕಳೇ ಬರೆದದ್ದು ಇದೆಯಾ, ಅಂಗಡಿಯಿಂದ ತಂದ ಪೋಸ್ಟರ್ ಇದೆಯಾ ನೋಡಿ. ಒಂದು ನೋಟ್‌ಬುಕ್ ತೋರಿಸಿ ಅಂತ ಕೇಳಿ. ಟೀಚರ್ ಬರೆದ ತಿದ್ದುಪಡಿಗೆ ಮಗು ಮತ್ತೆ ಉತ್ತರ ಬರೆದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಅಂತ ಅರ್ಥ.

ಫಲಿತಾಂಶ ಹೇಳುವಾಗ "ನೂರಕ್ಕೆ ನೂರು ಪಾಸ್" ಅಂದರೆ ನಿಲ್ಲಬೇಡಿ. ಇಯರ್ 10ಕ್ಕೆ ಎಷ್ಟು ಮಕ್ಕಳು ಇದ್ದರು, ಇಯರ್ 13ರಲ್ಲಿ ಎಷ್ಟು ಜನ ಪರೀಕ್ಷೆ ಬರೆದರು ಅಂತ ಕೇಳಿ. ಕಳೆದ ವರ್ಷದ ಮಕ್ಕಳು ಯಾವ ಕಾಲೇಜಿಗೆ ಹೋದರು, ಭಾರತಕ್ಕೆ ಹೋದವರು ಯಾರಾದರೂ ಇದ್ದಾರಾ ಅಂತಲೂ ಕೇಳಿ. ಭಾರತದ ಪ್ರವೇಶದ ಬಗ್ಗೆ ಕೌನ್ಸೆಲರ್‌ಗೆ ಏನೂ ತಿಳಿಯದಿದ್ದರೆ ಆ ಕೆಲಸ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ.

ಮಗುವಿಗೆ ಕಲಿಕೆಯಲ್ಲಿ ವಿಶೇಷ ನೆರವು ಬೇಕಿದ್ದರೆ ಅದನ್ನು ಮುಚ್ಚಿಡಬೇಡಿ. ಆ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ ಅನ್ನುವುದು ದುಬೈನ ನೀತಿ. ಆದರೆ ಜೊತೆಗೆ ಕೂರುವ ಸಹಾಯಕಿಯ ಖರ್ಚು ಹೆಚ್ಚಾಗಿ ತಂದೆತಾಯಿಯ ಮೇಲೆಯೇ ಬರುತ್ತದೆ, ಅದು ದೊಡ್ಡ ಮೊತ್ತ. ಯಾರು, ಎಷ್ಟು ಹೊತ್ತು, ಎಷ್ಟು ಖರ್ಚು ಅಂತ ಮೊದಲೇ ಮಾತಾಡಿ.

ಹಂತ 9: ಅರ್ಜಿ, ಪರೀಕ್ಷೆ, ಕಾಗದಪತ್ರ

ಶಾಲಾ ವರ್ಷ ಆಗಸ್ಟ್ ಕೊನೆಗೆ ಶುರು. ಬೇಡಿಕೆ ಇರುವ ಶಾಲೆಗೆ ಒಂದು ವರ್ಷ ಮೊದಲೇ ಅರ್ಜಿ ಹಾಕಿ. ಉಳಿದ ಕಡೆ ಜನವರಿ, ಫೆಬ್ರವರಿಯಲ್ಲಿ ಹಾಕಿದರೂ ನಡೆಯುತ್ತದೆ. ಒಂದೇ ಶಾಲೆ ನಂಬಿ ಕೂರಬೇಡಿ, ಮೂರಕ್ಕೆ ಹಾಕಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕ್ಯಾಟ್ 4 ಅನ್ನುವ ಪರೀಕ್ಷೆ ಇರುತ್ತದೆ. ಇದರಲ್ಲಿ ಪಾಠದ ಪ್ರಶ್ನೆ ಇರುವುದಿಲ್ಲ. ಪದ, ಸಂಖ್ಯೆ, ಆಕೃತಿ, ಜಾಗದ ಅಂದಾಜು ಹೀಗೆ ಯೋಚಿಸುವ ಶಕ್ತಿ ನೋಡುತ್ತಾರೆ. ಟ್ಯೂಷನ್ ಬೇಡ. ಎರಡು ಮೂರು ಮಾದರಿ ಪ್ರಶ್ನೆ ತೋರಿಸಿ ಗಾಬರಿ ತೆಗೆದರೆ ಸಾಕು. ಇಂಗ್ಲಿಷ್‌ನಲ್ಲಿ ಒಂದು ಪುಟ ಸ್ವಂತವಾಗಿ ಬರೆಯಲು ಹೇಳುತ್ತಾರೆ. ಬಾಯಿಪಾಠದ ಪ್ರಬಂಧಕ್ಕೆ ಅಭ್ಯಾಸವಾದ ನಮ್ಮ ಮಕ್ಕಳಿಗೆ ಇದೇ ಕಷ್ಟ. ದಿನಾ ಹತ್ತು ಸಾಲು, ನಡೆದದ್ದನ್ನು ತನ್ನದೇ ಮಾತಿನಲ್ಲಿ ಬರೆಯಲು ಹೇಳಿ.

ಕಾಗದಗಳಲ್ಲಿ ಹೆಚ್ಚು ಸಮಯ ಹಿಡಿಯುವುದು ಟಿ.ಸಿ. ಶಾಲೆಯಿಂದ ಪಡೆದು, ಬಿ.ಇ.ಒ. ಕಚೇರಿಯ ಸಹಿ ಹಾಕಿಸಿ, ಆಮೇಲೆ ರಾಜ್ಯ, ವಿದೇಶಾಂಗ ಸಚಿವಾಲಯ, ಯು.ಎ.ಇ. ರಾಯಭಾರ ಕಚೇರಿಯ ದೃಢೀಕರಣದ ತನಕ ಹೋಗಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದ ಮೇಲೆ ಹೆಡ್‌ಮಾಸ್ಟರ್ ಸಹಿಗೆ ಅಲೆಯುವವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ. ಪರೀಕ್ಷೆ ಮುಗಿದ ವಾರವೇ ಅರ್ಜಿ ಕೊಡಿ. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ಕಳೆದ ಎರಡು ವರ್ಷದ ಅಂಕಪಟ್ಟಿ ಎಲ್ಲದರಲ್ಲೂ ಮಗುವಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇದೆಯಾ ನೋಡಿ. ನಮ್ಮ ಇನಿಷಿಯಲ್ ಪದ್ಧತಿ ಇಲ್ಲಿ ಭಾರಿ ಗೊಂದಲ ಮಾಡುತ್ತದೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಇದ್ದರೆ ಊರಲ್ಲೇ ಸರಿಮಾಡಿಸಿಕೊಂಡು ಬನ್ನಿ.

ಹಂತ 10: ಅರೇಬಿಕ್ ಮತ್ತು ಕನ್ನಡ

ಯು.ಎ.ಇ.ಯಲ್ಲಿ ಯಾವ ಪಠ್ಯಕ್ರಮ ಓದಿದರೂ ಅರೇಬಿಕ್ ಕಡ್ಡಾಯ. ಅರಬರಲ್ಲದ ಮಕ್ಕಳಿಗೆ ಬೇರೆ ಸುಲಭ ಪಾಠ, ಇಯರ್ 10ರ ತನಕ. ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಶಿಕ್ಷಣವೂ ಇರುತ್ತದೆ. ತಡವಾಗಿ ಬಂದ ಮಗುವಿಗೆ ಮೊದಲಿನಿಂದ ಕಲಿಸುವ ಗುಂಪು ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಇಯರ್ 7ಕ್ಕೆ ಸೇರಿದ ಮಗು ಹಲವು ವರ್ಷ ಅರೇಬಿಕ್ ಕಲಿತವರ ಪಕ್ಕ ಸುಮ್ನೆ ಕೂತು ಬರುತ್ತದೆ.

ಕನ್ನಡ ಮಾತ್ರ ನಮ್ಮ ಜವಾಬ್ದಾರಿ. ಐ.ಜಿ.ಸಿ.ಎಸ್.ಇ.ಯಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಕರ್ನಾಟಕಕ್ಕೆ ವಾಪಸ್ ಹೋದರೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಅಲ್ಲಿನ ಶಾಲೆಯಲ್ಲಿ ಮಗು ಕನ್ನಡ ಓದಬೇಕು. ಅಕ್ಷರವೇ ಬಾರದೆ ಏಳನೇ ತರಗತಿಗೆ ಹೋದರೆ ಎಷ್ಟು ಕಷ್ಟ ಯೋಚಿಸಿ. ದುಬೈನಲ್ಲಿ ಕನ್ನಡ ಮಿತ್ರರು ಸಂಘದವರು ಕನ್ನಡ ಪಾಠಶಾಲೆಯನ್ನು ಉಚಿತವಾಗಿ ನಡೆಸುತ್ತಾರೆ. ಶಾಲೆಗೆ ಸೇರಿಸಿದ ವರ್ಷವೇ ಅಲ್ಲೂ ಹೆಸರು ಬರೆಸಿ. ನಮ್ಮ ಚಿಕ್ಕವನು ಈಗ ಮಂಡ್ಯದ ಅಜ್ಜಿಗೆ ತಾನೇ ಕನ್ನಡದಲ್ಲಿ ಮೆಸೇಜ್ ಬರೆಯುತ್ತಾನೆ. ಒತ್ತಕ್ಷರ ತಪ್ಪುತ್ತದೆ, ಅಜ್ಜಿ ತಿದ್ದಿ ಕಳಿಸುತ್ತಾರೆ.

ಕೊನೆಯದಾಗಿ ಒಂದು ಕೆಲಸ. ಸೇರಿದ ದಿನದಿಂದಲೇ ಪ್ರತಿ ಮಗುವಿಗೂ ಒಂದು ಫೈಲ್ ಇಡಿ. ಪ್ರತಿ ಟರ್ಮ್‌ನ ರಿಪೋರ್ಟ್, ಫೀ ರಸೀದಿ, ಕ್ಯಾಟ್ 4 ಅಂಕ, ದೃಢೀಕರಿಸಿದ ಹಳೆಯ ಟಿ.ಸಿ.ಯ ನಕಲು ಎಲ್ಲ ಅದರಲ್ಲಿರಲಿ. ಶಾಲೆಯ ಆನ್‌ಲೈನ್ ಖಾತೆಯಲ್ಲಿ ಇದೆಯಲ್ಲ ಅಂತ ಬಿಡಬೇಡಿ. ಮಗು ಶಾಲೆ ಬಿಟ್ಟ ಮೇಲೆ ಆ ಖಾತೆ ಮುಚ್ಚಿಹೋಗುತ್ತದೆ. ಮುಂದಿನ ಶಾಲೆ ಮೊದಲು ಕೇಳುವುದು ಆ ರಿಪೋರ್ಟ್‌ಗಳನ್ನೇ.